ಪಟ್ಟಿಯಿಂದ ನಾವು ಬಿಟ್ಟ ಹೆಸರು

ಮೊನ್ನೆ ನನ್ನ ಮೊಮ್ಮಗಳು ಅಂಗಳದಲ್ಲಿ ಮೂರು ಹೆಜ್ಜೆ ಹಾಕಿ, ನಾಲ್ಕನೆಯದಕ್ಕೆ ದೊಪ್ಪನೆ ಕುಳಿತುಬಿಟ್ಟಳು. ನಡೆಯುವ ಹೆಜ್ಜೆಯಲ್ಲ, ಕುಣಿಯುವ ಹೆಜ್ಜೆ. ಕೂಸಿಗೆ ಇನ್ನೂ ನಾಲ್ಕು ವರ್ಷ ತುಂಬಿಲ್ಲ. ಯಾರೂ ಕಲಿಸಿಲ್ಲ. ನಾನು ಹಿಟ್ಟು ನಾದುವ ಪರಾತವನ್ನು ಬೋರಲು ಹಾಕಿಕೊಂಡು ಸುಮ್ಮನೆ ಬೆರಳಾಡಿಸುತ್ತಿದ್ದೆ, ಅಷ್ಟೆ. ಅವಳು ಬಿದ್ದ ಸಪ್ಪಳಕ್ಕೆ ನನ್ನ ಹೆಂಡತಿ ಒಳಗಿನಿಂದ ಓಡಿ ಬಂದಳು. ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ.

“ಕೂಸು ಬಿದ್ದದ, ನೀವು ಚಪ್ಪಾಳಿ ಹೊಡ್ಯಾಕತ್ತೀರಿ. ತಲಿ ನೆಟ್ಟಗ ಅದನಿಲ್ರಿ?” ಎಂದಳು.

“ಬೀಳೋ ಜಾಗಾದಾಗ ಬಿದ್ದಾಳ, ನೋಡಲ್ಲಿ!” ಎಂದೆ.

ನಮ್ಮ ಹೆಜ್ಜೆ ಕಲಿಯುವವರೆಲ್ಲ ಬೀಳುವುದು ಆ ನಾಲ್ಕನೆಯದಕ್ಕೇ. ಮೂರನೆಯದಕ್ಕೋ ಐದನೆಯದಕ್ಕೋ ಬಿದ್ದವರು ಸುಮ್ಮನೆ ಎಡವಿದವರು. ನಾಲ್ಕಕ್ಕೆ ಬಿದ್ದವರು ಕಲಿಯುವವರು. ಆ ಖುಷಿ ಇವತ್ತಿಗೂ ಇಳಿದಿಲ್ಲ. ಉಣ್ಣುವಾಗ ನಗು, ಮಲಗಿದರೆ ನಗು. ಎದೆಯಲ್ಲಿ ಹಿಡಿಸದ್ದನ್ನು ಎಲ್ಲಿ ಇಡಲಿ ಎಂದು ಈ ನೋಟುಬುಕ್ಕಿನಲ್ಲಿ ಇಡುತ್ತಿದ್ದೇನೆ. ಆದರೆ ಬರೆಯಲು ಕುಳಿತರೆ ಬರುತ್ತಿರುವುದು ಖುಷಿಯ ಸಂಗತಿಯಲ್ಲ, ನಾವೆಲ್ಲ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡಿಕೊಂಡು ಕಳೆದ ಒಂದು ತಿಂಗಳಿನ ಕಥೆ. ಇರಲಿ, ಬಂದದ್ದು ಬರಲಿ.

ನಮ್ಮ ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯ ಎಡಕ್ಕಿದೆ. ಮೊಹರಮ್ಮಿಗೆ ನಾವು ಅಲಾಯಿ ಎನ್ನುತ್ತೇವೆ. ಊರ ನಡುವೆ ತಗ್ಗು ತೋಡಿ, ಬೆಂಕಿ ಹಾಕಿ, ಅದರ ಸುತ್ತ ಗಂಡಸರು ಗೆಜ್ಜೆ ಕಟ್ಟಿ ಹೆಜ್ಜೆ ಹಾಕುತ್ತಾರೆ. ಆ ಗುಂಪಿಗೆ ಹೆಜ್ಜೆ ಮೇಳ ಎಂದು ಹೆಸರು. ನಾನು ಮೇಳದಲ್ಲಿ ಹಲಗಿ ಬಾರಿಸುವವ. ಬಲಗೈಯಲ್ಲಿ ಗಿಡ್ಡ ದಪ್ಪ ಕೋಲು, ಎಡಗೈಯಲ್ಲಿ ತೆಳ್ಳನೆ ಬಿದಿರ ಕಡ್ಡಿ. ಚರ್ಮ ಸಡಿಲಾದರೆ ಹಲಗಿ ಸತ್ತ ಹಾಗೆ. ಅದಕ್ಕೆ ತೊಗರಿ ಕಟ್ಟಿಗೆಯ ಬೆಂಕಿಗೆ ಹಿಡಿದು ಕಾಸಬೇಕು. ಗೇಣು ದೂರ ಹಿಡಿದು, ತಿರುವುತ್ತ, ಬೆರಳ ಗೆಣ್ಣಿನಿಂದ ಬಡಿದು ಕೇಳುತ್ತ ಹೋಗಬೇಕು. ಅಗಸೆಬಾಗಿಲ ತನಕ ಕೇಳುವಂಥ ‘ಠಣ್’ ಬರುವ ತನಕ ಕಾಯಬೇಕು. ಒಂದು ಕ್ಷಣ ಹೆಚ್ಚಾದರೆ ಚರ್ಮ ಸೀಳುತ್ತದೆ.

ನಮ್ಮ ಒಂದು ಸುತ್ತಿನಲ್ಲಿ ಏಳು ಹೆಜ್ಜೆ. ಮೂರು ಮುಂದಕ್ಕೆ, ನಾಲ್ಕನೆಯದಕ್ಕೆ ಹಿಮ್ಮಡಿ ಊರಿ ನಿಲ್ಲುವುದು, ಆಮೇಲೆ ಎರಡು ಪಕ್ಕಕ್ಕೆ, ಏಳನೆಯದಕ್ಕೆ ಬೆಂಕಿಯ ಕಡೆ ತಿರುಗುವುದು. ನಾಲ್ಕನೆಯ ಹೆಜ್ಜೆಗೆ ಹಲಗಿ ಬಾಯಿ ಮುಚ್ಚುತ್ತದೆ. ಆಗ ಸಪ್ಪಳವೇ ಇಲ್ಲ. ಎಷ್ಟು ಹೊತ್ತು ಇಲ್ಲ ಎಂಬುದಕ್ಕೆ ಲೆಕ್ಕವಿಲ್ಲ. ಮುಂದಾಳಿನ ಹಿಮ್ಮಡಿ ಏಳುವ ತನಕ. ಅದು ಎದ್ದಾಗಲೇ ನನ್ನ ಕೋಲು ಬೀಳಬೇಕು. ಹಲಗಿಯ ಹಿಂದೆ ಕಾಲು ಹೋಗುತ್ತದೆ ಎಂದು ನೋಡುವವರು ತಿಳಿಯುತ್ತಾರೆ. ನಮ್ಮಲ್ಲಿ ಕಾಲಿನ ಹಿಂದೆ ಹಲಗಿ.

ಆ ಕಾಲು ನಮ್ಮ ಉಸ್ತಾದರದು. ಅರಳೆ ಹಿಂಜುವುದು ಅವರ ಕಸುಬು, ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗುವರು. ನಮ್ಮ ಊರಲ್ಲಿ ಉಳಿದಿದ್ದ ಒಂದೇ ಮುಸಲ್ಮಾನರ ಮನೆ ಅವರದು. ಅಲಾಯಿ ಮಾಡುವವರು ಉಳಿದವರೆಲ್ಲ ನಾವೇ, ಕುರುಬರು, ಅಂಬಿಗರು, ಬೇಡರು, ನಮ್ಮ ಕೇರಿಯವರು. ಅಲಾಯಿ ದೇವರಿಗೆ ಹರಕೆ ಹೊತ್ತು ಪಡೆದ ಮಕ್ಕಳಿಗೆ ಆ ದೇವರ ಹೆಸರನ್ನೇ ಇಡುವುದು ನಮ್ಮ ಕಡೆಯ ಪದ್ಧತಿ.

ನಿಜಾಮರ ಆಳಿಕೆ ಹೋಗಿ, ಪೋಲೀಸ್ ಆಕ್ಷನ್ ಆದ ದಿನಗಳಲ್ಲಿ ಯಾರೋ ಪಟ್ಟಿ ಹಿಡಿದು ಬಂದು ಉಸ್ತಾದರನ್ನು ಕರೆದುಕೊಂಡು ಹೋಗಿದ್ದರು. ಆರು ತಿಂಗಳು ಒಳಗಿಟ್ಟು, ಆಮೇಲೆ “ನಿನ್ನ ಮ್ಯಾಲೆ ಏನಿಲ್ಲ, ಹೋಗು” ಎಂದು ಬಿಟ್ಟರು. ಒಳಗೆ ಏನಾಯಿತು ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಆದರೆ ಅಲ್ಲಿಂದ ಮುಂದೆ ಅವರು ದಾರಿಗೆ ಬೆನ್ನು ಮಾಡಿ ಕುಳಿತದ್ದನ್ನು ನಾನು ನೋಡಿಲ್ಲ. ನಮ್ಮ ಊರಿಗೆ ದೇಶ ಸ್ವತಂತ್ರವಾಯಿತೆಂಬ ಸುದ್ದಿಯೂ ಆ ಪಟ್ಟಿಯೂ ಸ್ವಲ್ಪ ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬಂದಿದ್ದವು. ಹಾಗಾಗಿ ಹೊಸ ಸರ್ಕಾರ ಎಂದರೆ ನಮ್ಮ ಕಣ್ಣಿಗೆ ಕಾಗದ ಹಿಡಿದ ಮನುಷ್ಯ.

ಕನ್ನಡ ಮಾತಾಡುವ ಸೀಮೆಗಳೆಲ್ಲ ಒಂದಾಗುತ್ತವೆ, ನಾವೂ ಅದರಲ್ಲಿ ಸೇರುತ್ತೇವೆ ಎಂದು ಮಾತು ನಡೆದಿದ್ದ ವರ್ಷ. ಅಲಾಯಿ ಮುಗಿದು ಒಂದೂವರೆ ತಿಂಗಳಾಗಿತ್ತು. ಒಂದು ಮುಂಜಾನೆ ಊರೊಳಗೆ ಜೀಪು ಬಂತು. ಪ್ರಚಾರ ಖಾತೆಯ ಸಾಹೇಬರು ಇಳಿದರು. ಅವರ ಹಿಂದೆ ಪೋಲೀಸು ಜಮಾದಾರ. ಸಾಹೇಬರು ಬಂದದ್ದಕ್ಕೆ ಯಾರೂ ಹೆದರಲಿಲ್ಲ. ಹೆದರಿದ್ದು ಜಮಾದಾರ ಯಾಕೆ ಬಂದ ಎಂದು. ಆಮೇಲೆ ಗೊತ್ತಾಯಿತು, ಅವನು ಶಹಾಪುರದಿಂದ ಸುರಪುರಕ್ಕೆ ಹೊರಟವ, ಜೀಪಿನಲ್ಲಿ ಜಾಗ ಇತ್ತೆಂದು ಹತ್ತಿದ್ದ. ಅದು ಗೊತ್ತಾಗುವಷ್ಟರಲ್ಲಿ ಆಗಬಾರದ್ದು ಆಗಿತ್ತು.

“ನಾಡು ಒಂದಾಗುವ ದಿನ ಯಾದಗಿರಿಯಲ್ಲಿ ದೊಡ್ಡ ಸಮಾರಂಭ ಇದೆ. ಈ ಭಾಗದ ಕುಣಿತ ಬೇಕು. ನಿಮ್ಮ ಮೇಳದ ಹೆಸರು ಕೇಳಿ ಬಂದಿದ್ದೇನೆ” ಎಂದು ಸಾಹೇಬರು ಕಟ್ಟೆಯ ಮೇಲೆ ಕುಳಿತು, ಚೀಲದಿಂದ ಕಾಗದ ತೆಗೆದರು. “ಒಬ್ಬೊಬ್ಬರಾಗಿ ಹೆಸರು ಹೇಳಿ.”

ಉಸ್ತಾದರು ಅವತ್ತು ಬಿಲ್ಲು ಹೊತ್ತು ಬೇರೆ ಊರಿಗೆ ಹೋಗಿದ್ದರು.

“ಹುಸೇನಪ್ಪ” ಎಂದ ಮುಂದೆ ನಿಂತ ಅಂಬಿಗ. ನಮ್ಮ ಮೇಳದ ಬಾಯಿಬಡುಕ ಅವನು. ಹೊಳೆಯಲ್ಲಿ ಮೀನು ಹಿಡಿಯುವಾಗ ಸುಮ್ಮನಿದ್ದು ಉಳಿಸಿದ ಮಾತನ್ನೆಲ್ಲ ದಂಡೆಗೆ ಬಂದು ಆಡುವವ.

“ಮುಸಲ್ಮಾನರೇನು?”

“ಇಲ್ರಿ, ಅಂಬಿಗರು.”

ಸಾಹೇಬರು ಬರೆದುದನ್ನು ಹೊಡೆದು ಮತ್ತೆ ಬರೆದರು. “ನೀವು?”

“ಮೌಲಪ್ಪರಿ.”

“ನೀವು ಮುಸಲ್ಮಾನರು.”

“ಅಲ್ರಿ, ಕುರುಬರು. ಮನಿಯಾಗ ನಾಕು ನೂರು ಕುರಿ ಇದ್ದುವು, ಈಗ ನಲವತ್ತು ಉಳಿದಾವ.”

“ಕುರಿ ಬೇಡ. ನೀವು?”

“ಖಾಸಿಮಪ್ಪ.”

“ಇವರಾದರೂ ಮುಸಲ್ಮಾನರೇ ಅಲ್ಲವೇ?”

“ಅವ ನನ್ನ ಖಾಸಾ ತಮ್ಮ ಅದಾನ್ರಿ” ಎಂದ ಮೌಲಪ್ಪ. ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ. ಅವರಿಗೆ ನಾವು ಏನೋ ಮುಚ್ಚಿಡುತ್ತಿದ್ದೇವೆ ಎಂದು ಅನುಮಾನ ಬಂದಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. ಲೇಖಣಿ ಮೇಲೆತ್ತಿ ಹಿಡಿದು ಕೇಳಿದರು: “ಹಾಗಾದರೆ ನಿಮ್ಮ ಮೇಳದಲ್ಲಿ ನಿಜವಾದ ಮುಸಲ್ಮಾನರು ಯಾರು?”

ನಗು ನಿಂತಿತು. ಜಮಾದಾರ ಬೇವಿನ ಕಡ್ಡಿ ಅಗಿಯುತ್ತ ನಮ್ಮ ಕಡೆಗೇ ನೋಡುತ್ತಿದ್ದ. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಗ ಅಂಬಿಗ ಹೇಳಿದ: “ಯಾರೂ ಇಲ್ರಿ ಸಾಹೇಬ್ರ. ನಾವ ನಾವ ಅದೀವಿ.”

ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರಾದವು. ಕೊನೆಯದು ನನ್ನದು. ಬಾಯಿ ತೆರೆಯಬಹುದಿತ್ತು. ತೆರೆಯಲಿಲ್ಲ. ಒಳ್ಳೆಯದನ್ನೇ ಮಾಡಿದೆವು ಎಂದುಕೊಂಡೆ. ಜೀಪು ಹೋದ ಮೇಲೆ ಅಂಬಿಗನ ಬೆನ್ನು ತಟ್ಟಿದವರಲ್ಲಿ ನಾನೂ ಒಬ್ಬ.

ಉಸ್ತಾದರಿಗೆ ಸಮಾರಂಭದ ಸುದ್ದಿ ಹೇಳಿದೆವು, ಪಟ್ಟಿಯ ಸುದ್ದಿ ಹೇಳಲಿಲ್ಲ. ಅವರು ಮೂರು ದಿನ ಯೋಚಿಸಿದರು. ಅಲಾಯಿ ಅಲ್ಲದ ದಿನಗಳಲ್ಲಿ ಆ ಹೆಜ್ಜೆ ಹಾಕುವ ಪದ್ಧತಿ ಇರಲಿಲ್ಲ. ನಾಲ್ಕನೆಯ ದಿನ ನನ್ನನ್ನು ಕರೆದು, ಅರಳೆಯ ಎಳೆಗಳನ್ನು ಮೀಸೆಯಿಂದ ಬಿಡಿಸಿಕೊಳ್ಳುತ್ತ ಹೇಳಿದರು: “ಕಡೀ ದಿನದ ಹೆಜ್ಜಿ ಅಳೂ ಹೆಜ್ಜಿ. ಅದು ಬ್ಯಾಡ. ತಗ್ಗಿಗೆ ಗುದ್ದಲಿ ಬಿದ್ದ ದಿನದ್ದು ಹಾಕೋಣು. ಅದು ದೇವ್ರನ್ನ ಕರಿಯೂ ಹೆಜ್ಜಿ. ನಾಡು ಬರ್ತದ ಅಂದ್ರ ಕರೀಬೇಕಲ್ಲೋ ಬೇಟಾ.”

ನಾವು ಎಣಿಸಿರಲಿಲ್ಲ, ಅವರಿಗೆ ಅಷ್ಟು ಖುಷಿಯಾಗಿತ್ತು.

ಮೊದಲ ಪರೀಕ್ಷೆ ಸುರಪುರದಲ್ಲಿ. ಎರಡು ಬಂಡಿ ಕಟ್ಟಿಕೊಂಡು ಹೋದೆವು. ತಗ್ಗು ತೋಡಬಾರದು ಎಂದರು ಸಾಹೇಬರು, ಬಯಲು ಹಾಳಾಗುತ್ತದಂತೆ. ಬೆಂಕಿಯಿಲ್ಲದೆ ಸುತ್ತುವುದು ಯಾವುದರ ಸುತ್ತ? ಉಸ್ತಾದರು ನಕ್ಕು, “ಹಲಗಿ ಕಾಸಾಕ ಹ್ಯಾಂಗೂ ಬೆಂಕಿ ಹಾಕಬೇಕು. ಅದನ್ನ ನಡುವ ಹಾಕು. ಸಾಹೇಬರ ಮಾತೂ ಉಳೀತು, ನಮ್ಮದೂ ಉಳೀತು” ಎಂದರು. ಹಾಗೇ ಮಾಡಿದೆವು. ಕುಣಿತ ಚೆನ್ನಾಗಿ ಬಂತು. ಸಾಹೇಬರು ಕೈಗಡಿಯಾರ ನೋಡುತ್ತ ನಿಂತಿದ್ದರು.

“ನಡುವೆ ಹಲಗಿ ನಿಲ್ಲಿಸುತ್ತೀರಲ್ಲ, ಮರೆತುಹೋಗುತ್ತದೆಯೋ ಹೇಗೆ?”

“ಮರ್ಯೂದಲ್ರಿ, ಅದು ಹಂಗೇ ಅದ” ಎಂದೆ.

“ಸಾವಿರಾರು ಜನ ಸೇರುತ್ತಾರೆ. ಸುಮ್ಮನಾದರೆ ತಪ್ಪಾಯಿತು ಅಂದುಕೊಳ್ಳುತ್ತಾರೆ. ಶಹಾಪುರದಲ್ಲಿ ಒಬ್ಬ ಸಂಗೀತ ಮಾಸ್ತರರಿದ್ದಾರೆ, ಅವರ ಹತ್ತಿರ ಹೋಗಿ ತಿದ್ದಿಸಿಕೊಳ್ಳಿ” ಎಂದವರು, ಉಸ್ತಾದರ ಕಡೆ ತಿರುಗಿ, “ಈ ಹಿರಿಯರು ಬಹಳ ಚೆನ್ನಾಗಿ ಮಾಡುತ್ತಾರೆ. ಹೆಸರು?” ಎಂದರು.

ಉಸ್ತಾದರು ಬಾಯಿ ತೆರೆಯುವ ಮುಂಚೆ ಅಂಬಿಗ, “ನಮ್ಮ ಕಾಕಾರ್ರಿ” ಎಂದುಬಿಟ್ಟ. ಸಾಹೇಬರು ತಲೆಯಾಡಿಸಿ ಹೊರಟರು. ಉಸ್ತಾದರು ಅಂಬಿಗನನ್ನು ಒಂದು ಸಲ ನೋಡಿದರು.

ಶಹಾಪುರಕ್ಕೆ ಅವರನ್ನು ಬಿಟ್ಟೇ ಹೋದೆವು. ಠಾಣೆ ಅಲ್ಲೇ ಹತ್ತಿರ, ಜಮಾದಾರ ಅಲ್ಲೇ ತಿರುಗುತ್ತಾನೆ ಎಂದು ಅಂಬಿಗ ಹೆದರಿಸಿದ. ಅಂಗಿ ಹೊಲಿಯಲು ಅಳತೆ ಕೊಡುವುದಷ್ಟೆ, ನೀವು ಯಾಕೆ ದಣಿಯುತ್ತೀರಿ ಎಂದು ಉಸ್ತಾದರಿಗೆ ಹೇಳಿದವನು ನಾನೇ.

ಸಂಗೀತ ಮಾಸ್ತರರು ಕೆಟ್ಟವರಲ್ಲ. ಹಾರ್ಮೋನಿಯಂ ಪೆಟ್ಟಿಗೆ ಬಾರಿಸುತ್ತ ನಮ್ಮ ಏಳು ಹೆಜ್ಜೆಯನ್ನು ಎಂಟು ಮಾಡಿದರು. ನಾಲ್ಕನೆಯದರ ಮೌನದಲ್ಲಿ ಎರಡು ಪೆಟ್ಟು ಹಾಕಿಸಿದರು. ಮೊದಲು ನಾವು ನಮ್ಮ ಪದ್ಧತಿಯಲ್ಲೇ ಮಾಡಿ ತೋರಿಸಲು ಹೋದೆವು. ಆಗಲಿಲ್ಲ. ಹಿಮ್ಮಡಿ ಊರಿದ ಮೇಲೆ ಯಾರನ್ನು ನೋಡಬೇಕು? ಮೌಲಪ್ಪ ಬೇಗ ಎದ್ದ, ಅಂಬಿಗ ತಡವಾಗಿ ಎದ್ದ, ನನ್ನ ಕೋಲು ಇಬ್ಬರ ನಡುವೆ ಬಿತ್ತು. ಸಂತೆಯಲ್ಲಿ ದನ ಬಿಟ್ಟ ಹಾಗಾಯಿತು. ಮಾಸ್ತರರ ಎರಡು ಪೆಟ್ಟು ಹಾಕಿದ ಕೂಡಲೇ ಎಲ್ಲರ ಕಾಲೂ ಸರಿಯಾದವು. ಯಾರೂ ಬೀಳುವ ಹಾಗೇ ಇಲ್ಲ. ನೋಡಲು ಬಂದಿದ್ದ ಸಾಹೇಬರು, “ಈಗ ಸರಿಯಾಯಿತು, ಇದು ನಾಡಿಗೆ ತೋರಿಸುವಂಥದ್ದು” ಎಂದರು.

ನನಗೆ ಅನುಮಾನ ಹತ್ತಿದ್ದು ಅಲ್ಲಿ. ಇವರಿಗೆ ಬೇಕಾದದ್ದು ನಮ್ಮ ಹೆಜ್ಜೆಯೋ ಅಥವಾ ಹೆಜ್ಜೆ ಹಾಕುವ ಹತ್ತೊಂಬತ್ತು ಜೊತೆ ಕಾಲೋ? ಉಸ್ತಾದರು ಇಲ್ಲದೆಯೂ ನಡೆಯುತ್ತದೆ ಎಂದು ನಾವೇ ತೋರಿಸಿಕೊಟ್ಟೆವಲ್ಲ. ಯಾರನ್ನು ಕಾಪಾಡಲು ಹೋಗಿ ಯಾರನ್ನು ಅಳಿಸುತ್ತಿದ್ದೇವೆ?

ಮರುದಿನ ಊರಲ್ಲಿ ಉಸ್ತಾದರ ಮುಂದೆ ಹಲಗಿ ಕಾಸಿ ಸುಮ್ಮನೆ ಕೈ ಆಡಿಸುತ್ತಿದ್ದೆ. ಅವರು ಬಿಲ್ಲಿನ ನರ ಬಿಗಿಯುತ್ತಿದ್ದವರು ನಿಲ್ಲಿಸಿದರು.

“ಶಹಾಪುರದಾಗ ಏನು ಕೊಟ್ಟು ಬಂದ್ರಿ?”

“ಅಂಗಿ ಅಳತಿರಿ ಉಸ್ತಾದ್.”

“ನಿನ್ನ ಕೈ ಸುಳ್ಳು ಹೇಳವಲ್ದು, ಬಾಯಿ ಹೇಳಾಕತ್ತದ. ನಾಕನೇದಕ್ಕ ನಿನ್ನ ಬಟ್ಟು ಕುಣ್ಯಾಕತ್ತಾವ. ಯಾರೋ ಅಲ್ಲಿ ಏನೋ ತುಂಬ್ಯಾರ.”

ನಾನು ಹಲಗಿಯ ಮೇಲೆ ಅಂಗೈ ಇಟ್ಟು ಅದರ ನಡುಕ ನಿಲ್ಲಿಸಿದೆ. ನಿಜ ಹೇಳಬೇಕಿತ್ತು. “ಏನಿಲ್ರಿ” ಎಂದೆ. ಅವರು ಮತ್ತೆ ಕೇಳಲಿಲ್ಲ. ಕೇಳದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು. ಅವತ್ತಿನಿಂದ ಅವರು ನಮ್ಮ ಗುಂಪಿನಲ್ಲಿ ಕುಳಿತಾಗಲೂ ದಾರಿ ಕಾಣುವ ಹಾಗೆ ಮಾತ್ರವಲ್ಲ, ನಮ್ಮೆಲ್ಲರ ಮುಖ ಕಾಣುವ ಹಾಗೆ ಕುಳಿತುಕೊಳ್ಳತೊಡಗಿದರು.

ಯಾದಗಿರಿಯ ದಿನ ಬಂತು. ಶಹಾಪುರದ ತನಕ ಬಂಡಿ, ಅಲ್ಲಿಂದ ಸಾಹೇಬರು ಕಳಿಸಿದ ಲಾರಿ. ಭೀಮಾ ದಾಟುವಾಗ ಹೊಳೆಯ ತಂಪಿಗೆ ಹಲಗಿ ಸಡಿಲಾಯಿತು. ಊರು ಮುಟ್ಟಿದಾಗ ಕೋಟೆಯ ಗುಡ್ಡದ ಮೇಲೆ ಬಿಸಿಲು ಬಂದಿತ್ತು, ಬೀದಿ ತುಂಬ ಬಣ್ಣದ ಕಾಗದ ಕಟ್ಟಿದ್ದರು. ಜನ ಎಂದರೆ ಜನ. ಶಾಲೆಯ ಮೈದಾನಕ್ಕೆ ಬಿದಿರಿನ ತಟ್ಟಿ ಕಟ್ಟಿ ಒಂದೇ ಬಾಗಿಲು ಬಿಟ್ಟಿದ್ದರು. ಅಲ್ಲಿ ಮೇಜು, ಮೇಜಿನ ಹಿಂದೆ ಸಾಹೇಬರು, ಪಕ್ಕದಲ್ಲಿ ಅದೇ ಜಮಾದಾರ. ಮೇಜಿನ ಮೇಲೆ ನಂಬರು ಬರೆದ ಬಟ್ಟೆಯ ಬಿಲ್ಲೆಗಳು. ಪಟ್ಟಿ ಓದುವುದು, ಬಿಲ್ಲೆ ಎದೆಗೆ ಚುಚ್ಚುವುದು, ಒಳಗೆ ಬಿಡುವುದು.

ಹತ್ತೊಂಬತ್ತು ಬಿಲ್ಲೆ ಮುಗಿದವು. ಉಸ್ತಾದರು ಗೆಜ್ಜೆ ಕಟ್ಟಿಕೊಂಡು, ಬಿಳಿ ರುಮಾಲು ಸುತ್ತಿಕೊಂಡು ಮುಂದೆ ಬಂದರು. ಜಮಾದಾರ ಕೈ ಅಡ್ಡ ಹಿಡಿದ.

“ಬಿಲ್ಲಿ ಎಲ್ಲಿ?”

“ಇವರ ಕಡಿ ಇರ್ತದ್ರಿ” ಎಂದು ಅವರು ನಮ್ಮ ಕಡೆ ನೋಡಿದರು.

ಸಾಹೇಬರು ಪಟ್ಟಿಯ ಮೇಲೆ ಬೆರಳು ಓಡಿಸಿದರು. “ಹತ್ತೊಂಬತ್ತೇ ಇರುವುದು. ಇವರ ಹೆಸರು ಯಾವುದು?”

ಅಂಬಿಗನ ಬಾಯಿ ಮತ್ತೆ ಮುಂದೆ ಓಡಿತು. “ಅವ್ರು ನೋಡಾಕ ಬಂದಾರ್ರಿ.”

“ನೋಡಾಕ?” ಎಂದರು ಉಸ್ತಾದರು.

ಅವರಿಗೆ ಆಗ ಎಲ್ಲ ತಿಳಿಯಿತು. ಸುರಪುರದಲ್ಲಿ ಹೆಸರು ಹೇಳಗೊಡದಿದ್ದದ್ದು, ಶಹಾಪುರಕ್ಕೆ ಬಿಟ್ಟು ಹೋದದ್ದು, ಎಲ್ಲವೂ. ಸಿಟ್ಟು ಮಾಡಲಿಲ್ಲ. ಅಲ್ಲೇ ಒಂದು ಕಡೆ ಸರಿದು, ಮಣ್ಣಲ್ಲಿ ಕುಳಿತು, ಗೆಜ್ಜೆಯ ಗಂಟು ಬಿಚ್ಚತೊಡಗಿದರು. “ನೋಡೋರಿಗೆ ಗೆಜ್ಜಿ ಯಾಕ. ಹೋಗ್ರಿ, ಹೊತ್ತಾಗ್ತದ.”

ಒಳಗೆ ನಮ್ಮ ಮೇಳದ ಹೆಸರು ಕೂಗಿದರು. ಎಲ್ಲರೂ ನನ್ನ ಮುಖ ನೋಡಿದರು. ಯಾಕೆಂದರೆ ಹಲಗಿ ಒಳಗೆ ಹೋದರೆ ಮೇಳ ಹೋದ ಹಾಗೆ. ನನ್ನ ತಲೆಯಲ್ಲಿ ಎರಡು ಲೆಕ್ಕ ನಡೆದಿದ್ದವು. ಹೆಸರು ಹೇಳಿದರೆ ಜಮಾದಾರ ಹಿಡಿಯಬಹುದು. ಆರು ತಿಂಗಳಲ್ಲ, ಈ ಸಲ ಎಷ್ಟೋ. ಹೇಳದಿದ್ದರೆ ಹೆಜ್ಜೆ ಕಲಿಸಿದವರು ಬಿದಿರ ತಟ್ಟಿಯ ಸಂದಿಯಿಂದ ತಮ್ಮ ಹೆಜ್ಜೆಯನ್ನು ನೋಡಬೇಕು. ಅದೂ ಎಂಟು ಪೆಟ್ಟಿನದು.

ನಾನು ವಾಪಸು ಬಂದು ಹಲಗಿಯ ಮುಖ ನೆಲಕ್ಕೆ ಮಾಡಿ ಇಟ್ಟೆ. ನಮ್ಮಲ್ಲಿ ಹಾಗೆ ಇಡುವುದು ಹೆಣ ಮಣ್ಣಿಗೆ ಹಾಕಿ ಬಾರಿಸುವುದು ಮುಗಿದಾಗ ಮಾತ್ರ. ಮೇಳದವರೆಲ್ಲ ನಿಂತಲ್ಲೇ ನಿಂತರು.

“ಉಸ್ತಾದ್, ನಿಮ್ಮ ಹೆಸರು ಹೇಳ್ಲ್ಯಾ?” ಎಂದೆ.

ಅವರು ತಲೆಯೆತ್ತಲಿಲ್ಲ. “ಮುಚ್ಚೂ ಮುಂದ ನನ್ನ ಕೇಳಿದ್ರೇನು? ತೆಗ್ಯೂ ಮುಂದ ಯಾಕ ಕೇಳ್ತಿ?”

ಆ ಮಾತು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ. ಒಂದು ತಿಂಗಳು ಅವರ ಸಲುವಾಗಿ ಹೆದರಿದೆವು, ಹೆದರಿಕೆ ಅವರದು, ಅವರನ್ನು ಒಂದು ಮಾತು ಕೇಳಿರಲಿಲ್ಲ. ನಾನು ಅಲ್ಲೇ ನಿಂತೆ. ಸ್ವಲ್ಪ ಹೊತ್ತಿಗೆ ಅವರ ಕೈ ಗೆಜ್ಜೆಯ ಮೇಲೆ ನಿಂತಿತು. “ಹೇಳು” ಎಂದರು. “ಪೂರಾ ಹೇಳು. ಅರ್ಧ ಮರ್ಧ ಬ್ಯಾಡ.”

“ಸಾಹೇಬ್ರ, ಪಟ್ಟಿ ಸುಳ್ಳದ್ರಿ” ಎಂದೆ. “ನಾವು ಇಪ್ಪತ್ತು ಮಂದಿ. ಮೇಳ ಕಟ್ಟಿದಾವ್ರು ಇವರು. ಇವರು ಮುಸಲ್ಮಾನರು. ಪೋಲೀಸ್ ಆಕ್ಷನ್‌ದಾಗ ಆರು ತಿಂಗಳು ಒಳಗಿದ್ರು, ತಪ್ಪಿಲ್ಲಂತ ಬಿಟ್ಟಾರ.”

“ಮತ್ತೆ ಯಾಕೆ ಬರೆಸಲಿಲ್ಲ?”

“ಅಂಜಿಕಿರಿ.”

“ಯಾರ ಅಂಜಿಕೆ?”

“ನಿಮ್ಮದ್ರಿ.”

ಸಾಹೇಬರ ಮುಖ ಕೆಂಪಾಯಿತು. ಸಿಟ್ಟೋ, ನಾಚಿಕೆಯೋ ನನಗೆ ಗೊತ್ತಾಗಲಿಲ್ಲ. ಪಟ್ಟಿಯ ಪ್ರತಿ ದೊಡ್ಡ ಸಾಹೇಬರಿಗೆ ಹೋಗಿದೆ, ಈಗ ತಿದ್ದಿದರೆ ತಾವು ಉತ್ತರ ಕೊಡಬೇಕು ಎಂದು ಗೊಣಗಿದರು. ಆಮೇಲೆ ಲೇಖಣಿಯನ್ನು ನನ್ನ ಕಡೆ ತಳ್ಳಿದರು. “ಬಿಟ್ಟವರೇ ಬರೆಯಿರಿ. ಕೆಳಗೆ ನಿಮ್ಮ ರುಜು ಹಾಕಿ. ನಾಳೆ ಯಾರಾದರೂ ಕೇಳಿದರೆ ನೀವೇ ಹೇಳಬೇಕು.”

ಇದೂ ಒಂದು ಬಲೆಯೇ ಇರಬಹುದು ಎನ್ನಿಸಿತು. ಸರ್ಕಾರಿ ಕಾಗದದ ಮೇಲೆ ಅಲ್ಲಿಯ ತನಕ ನಾನು ಹೆಬ್ಬೆಟ್ಟು ಒತ್ತಿದವನು. ಊರ ಶಾಲೆಯ ಹೊಸ ಮಾಸ್ತರರು ಸಂಜೆ ಕೂರಿಸಿಕೊಂಡು ಕನ್ನಡ ಅಕ್ಷರ ತಿದ್ದಿಸುತ್ತಿದ್ದರು, ಒತ್ತಕ್ಷರ ಇನ್ನೂ ಗಟ್ಟಿಯಾಗಿರಲಿಲ್ಲ. ಉಸ್ತಾದರು ಎದ್ದು ಬಂದು ಪಕ್ಕದಲ್ಲಿ ನಿಂತು ಹೇಳಿದರು, ಅವರ ಹೆಸರು, ಅವರ ತಂದೆಯ ಹೆಸರು, ಊರು, ಕಸುಬು. ನಾನು ಬರೆದೆ. ಬೆವರಿಗೆ ಮಸಿ ಕದಡಿತು. ಒಂದು ಅಕ್ಷರ ಗೆರೆಯಿಂದ ಕೆಳಗೆ ಜಾರಿತು. ಕೆಳಗೆ ನನ್ನ ಹೆಸರು ಹಾಕಿದೆ.

ಜಮಾದಾರ ಬಗ್ಗಿ ಓದಿದ. ತುಟಿ ಅಲುಗಾಡಿಸುತ್ತ, ನನ್ನ ಹಾಗೆಯೇ ಒಂದೊಂದೇ ಅಕ್ಷರ ಕೂಡಿಸಿ ಓದಿದ. ಅವನು ನೆಟ್ಟಗೆ ನಿಂತು, “ಹೆಸರಿಲ್ಲದಾವನ್ನ ಬಿಡಾಕ ನನಗ ಹುಕುಂ ಇಲ್ಲ. ಹೆಸರಿದ್ದಾವನ್ನ ತಡ್ಯಾಕೂ ಹುಕುಂ ಇಲ್ಲ. ನಡ್ರಿ ಚಾಚಾ” ಎಂದ.

ಬಿಲ್ಲೆ ಉಳಿದಿರಲಿಲ್ಲ. ಅಂಬಿಗ ತನ್ನ ಬಿಲ್ಲೆ ಕಿತ್ತು ಅವರ ಎದೆಗೆ ಚುಚ್ಚಿದ. ಜಮಾದಾರ ಅದನ್ನೂ ನೋಡಿ, ಇಬ್ಬರನ್ನೂ ಒಳಗೆ ಬಿಟ್ಟ.

ಒಳಗೆ ತೊಗರಿ ಕಟ್ಟಿಗೆ ಹಾಕಿ ಹಲಗಿ ಕಾಸಿದೆವು. ಅವಸರಕ್ಕೆ ಅದು ಸ್ವಲ್ಪ ಹೆಚ್ಚೇ ಬಿಸಿಯಾಯಿತು. ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು. ನೀರು ಸವರಿ, ಅದನ್ನು ಮೇಲಕ್ಕೆ ಹಿಡಿದು, ಕೆಳಗಿನ ಅರ್ಧದಲ್ಲೇ ಬಾರಿಸುವುದು ಎಂದುಕೊಂಡೆ. ಮೈಕಿನಲ್ಲಿ ಯಾರೋ, “ಇದು ನಮ್ಮ ಕನ್ನಡ ನಾಡಿನ ಕುಣಿತ, ನಮ್ಮ ಭಾರತದ ಕುಣಿತ” ಎಂದು ಕೂಗಿದರು. ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು, ಯಾರ ಬಗ್ಗೆ ಹೇಳುತ್ತಿದ್ದಾರೆ ಎಂದು. ಅಲ್ಲಿಯ ತನಕ ಅದು ನಮ್ಮ ಊರ ಹೆಜ್ಜೆ, ಪಕ್ಕದ ಊರಿನವರದು ಬೇರೆ, ಅಷ್ಟೆ ಗೊತ್ತಿದ್ದದ್ದು.

ಒಂದು, ಎರಡು, ಮೂರು. ನಾಲ್ಕಕ್ಕೆ ಉಸ್ತಾದರ ಹಿಮ್ಮಡಿ ಊರಿತು. ಸಂಗೀತ ಮಾಸ್ತರರು ವೇದಿಕೆಯ ಬದಿಯಲ್ಲಿ ನಿಂತು ಎರಡು ಬೆರಳೆತ್ತಿ ಆ ಎರಡು ಪೆಟ್ಟನ್ನು ನೆನಪಿಸುತ್ತಿದ್ದರು. ನಾನು ಬಾರಿಸಲಿಲ್ಲ. ಉಸ್ತಾದರ ಕಾಲು ಏಳಲಿಲ್ಲ. ಯಾವ ಅಲಾಯಿಯಲ್ಲೂ ಅವರು ಅಷ್ಟು ಹೊತ್ತು ಹಿಡಿದಿರಲಿಲ್ಲ. ಗೆಜ್ಜೆಯ ಸದ್ದಿಲ್ಲ. ಬೆಂಕಿಯ ಚಟಚಟ ಬಿಟ್ಟರೆ ಏನಿಲ್ಲ. ಮೊದಲು ಮಕ್ಕಳು ಸುಮ್ಮನಾದವು, ಆಮೇಲೆ ಹೆಂಗಸರು, ಆಮೇಲೆ ತಟ್ಟಿಯಾಚೆ ನಿಂತ ಬಾಳೆಹಣ್ಣಿನವರೂ ಕೂಗು ನಿಲ್ಲಿಸಿದರು. ಯಾರೂ ತಪ್ಪಾಯಿತು ಎನ್ನಲಿಲ್ಲ. ಮುಂದೆ ಕುಳಿತ ಒಬ್ಬ ಮುದುಕಿ ತನ್ನ ಹಿಮ್ಮಡಿಯನ್ನೂ ನೆಲಕ್ಕೆ ಒತ್ತಿ ಹಿಡಿದಿದ್ದಳು. ಯಾವ ಊರಿನವಳೋ.

ಹಿಮ್ಮಡಿ ಎದ್ದಿತು. ನನ್ನ ಕೋಲು ಬಿತ್ತು. ಅಷ್ಟು ಜನರ ಉಸಿರು ಒಂದೇ ಸಲ ಹೊರಗೆ ಬಂದದ್ದು ಬೆನ್ನಿಗೆ ಗಾಳಿ ಬಡಿದ ಹಾಗೆ ಬಡಿಯಿತು. ನಾಡು ಒಂದಾಯಿತು ಎಂದು ಭಾಷಣಗಳಲ್ಲಿ ಬಹಳ ಸಲ ಹೇಳಿದರು. ನನಗೆ ಗೊತ್ತಾದದ್ದು ಆ ಗಾಳಿಯಲ್ಲಿ.

ಹಾಗಂತ ಹೆದರಿಕೆ ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಕುಣಿತ ಮುಗಿದ ಮೇಲೂ ಬಾಗಿಲ ಕಡೆ ಒಂದು ಕಣ್ಣಿಟ್ಟೇ ಬುತ್ತಿ ಬಿಚ್ಚಿದೆವು. ಆ ಪಟ್ಟಿ ಎಲ್ಲಿ ಹೋಯಿತೋ, ಯಾವ ಕಪಾಟಿನಲ್ಲಿ ಇದೆಯೋ, ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ವರ್ಷದ ತನಕ ಊರಲ್ಲಿ ಜೀಪಿನ ಸಪ್ಪಳವಾದರೆ ನಾನು ಹೊರಗೆ ಬಂದು ನಿಲ್ಲುತ್ತಿದ್ದೆ, ರುಜು ನನ್ನದಲ್ಲವೇ. ಯಾರೂ ಬರಲಿಲ್ಲ.

ವಾಪಸು ಬರುವಾಗ ಭೀಮಾ ದಂಡೆಯಲ್ಲಿ ಲಾರಿಯ ಇಂಜಿನ್ನಿಗೆ ನೀರು ಹಾಕಲು ನಿಲ್ಲಿಸಿದರು. ಹೊತ್ತು ಇಳಿದಿರಲಿಲ್ಲ. ಉಸ್ತಾದರು ಮುಖ ತೊಳೆದು ಬಂದು ನನ್ನ ಪಕ್ಕ ಕುಳಿತರು, ಹೊಳೆಗೆ ಮುಖ, ದಾರಿಗೆ ಬೆನ್ನು.

“ಕನ್ನಡದಾಗ ನನ್ನ ಹೆಸರು ಹ್ಯಾಂಗ ಬರೀತಾರ? ತೋರ್ಸು.”

ಹಲಗಿಯ ಕೋಲಿನಿಂದ ಒದ್ದೆ ಉಸುಕಿನಲ್ಲಿ ಬರೆದೆ. ಈ ಸಲ ಯಾವ ಅಕ್ಷರವೂ ಜಾರಲಿಲ್ಲ. ಅವರು ಎದ್ದು ಅದರ ಸುತ್ತ ಒಂದು ಸಲ ತಿರುಗಿದರು, ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು. ಆಮೇಲೆ ಬಗ್ಗಿ ಗೇಣು ಹಾಕಿ ಅಳೆದರು.

“ಇಷ್ಟೇ ಏನೋ?” ಎಂದರು. “ಇಷ್ಟು ಸಣ್ಣದು ಮುಚ್ಚಾಕ ಹತ್ತೊಂಬತ್ತು ಮಂದಿ ಬೇಕಾದ್ರ್ಯಾ?”